ಮಬ್ಬಿನಲ್ಲಿ ನಿಂತ ಮಾವ

‘ಏನೋ ಇದು, ಎಲ್ರೂ ಮಂಜಿನಾಗೆ ಕುಂತಂಗೆ ಕಾಣ್ತಾರಲ್ಲೋ!’

ತಂಗಿಯ ಮದುವೆ ವಿಡಿಯೊ ಹಾಕಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಅವ್ವ ಸಿಡುಕಿದಳು. ನಾನೋ ಬೀಗುತ್ತಿದ್ದೆ. ಮುಂದೆ ಮದುಮಕ್ಕಳು ಫಳಫಳ, ಹಿಂದೆಲ್ಲ ಮಬ್ಬು. ಥೇಟ್ ಸಿನಿಮಾ!

ವಿಡಿಯೊ ತೆಗೆಯುವುದು ನನ್ನ ಹುಚ್ಚು. ಹೆಗಲ ಮೇಲೆ ಹೊರುವ ನನ್ನ ಹಳೇ ಕ್ಯಾಮೆರಾದಲ್ಲಿ ಮದುಮಗಳ ಮೂಗುತಿಯೂ ಸ್ಪಷ್ಟ, ಆಚೆ ಗೋಡೆಯ ಹಲ್ಲಿಯೂ ಸ್ಪಷ್ಟ. ಟೀವಿ ವಾರ್ತೆ ನೋಡಿದ ಹಾಗೆ. ಸಿನಿಮಾದ ಕಳೆ ಎಲ್ಲಿಂದ ಬರಬೇಕು? ಅಷ್ಟರಲ್ಲಿ ವಿನೋಬನಗರದಲ್ಲಿ ವಿಡಿಯೊ ಅಂಗಡಿ ಇಟ್ಟಿರುವ ಗೆಳೆಯ ಬಾಷಾ, ಹಿಂದಿನದನ್ನೆಲ್ಲ ಮಬ್ಬು ಮಾಡುವ ಹೊಸ ಕ್ಯಾಮೆರಾ ಒಂದನ್ನು ತರಿಸಿದ.

‘ತಂಗಿ ಮದ್ವಿ ಇದ್ರಾಗೇ ಹೊಡೀರಿ. ಸೇರಿದ್ರೆ ಇಟ್ಕಳ್ರಿ, ಹಳೇದು ನಂಗೆ ಕೊಡ್ರಿ. ಅದು ಹೆಂಗೈತೆ ಅಂತ ನಾನೂ ಅಲ್ಲೇ ಓಡ್ಸಿ ನೋಡ್ತೀನಿ.’ (ಬಾಷಾ ಪುಕ್ಕಟೆ ಏನನ್ನೂ ಕೊಡುವ ಆಸಾಮಿಯಲ್ಲ.)

ಹರಿಹರದ ಛತ್ರ. ನಡುವೆ ಮಂಟಪ, ಸುತ್ತ ಜನ. ನಾನು ಹೊಸ ಕ್ಯಾಮೆರಾ ಹಿಡಿದು ಕುಣಿದದ್ದೇ ಕುಣಿದದ್ದು. ಬಾಷಾ ಹಳೆಯದನ್ನು ಮೂಲೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ, ಚಾಲೂ ಮಾಡಿ, ಊಟಕ್ಕೆ ಹೋದ.

ಅವ್ವ ಮಾತ್ರ ಧಾರೆ ಎರೆಯುವಾಗಲೂ ಬಾಗಿಲ ಕಡೆ ನೋಡುತ್ತಿದ್ದಳು. ಆನೆಕೊಂಡದ ನಮ್ಮ ಸೋದರಮಾವ, ಅಂದರೆ ಅವಳ ಅಣ್ಣ, ಮಾತು ಬಿಟ್ಟಿದ್ದ. ನನ್ನ ತಂಗಿಯನ್ನು ಅವನ ಮಗನಿಗೆ ಕೊಡಲಿಲ್ಲವಲ್ಲ, ಅದಕ್ಕೆ. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನೇ ಬರಲಿಲ್ಲ. ದೂರದ ಮಾವನೊಬ್ಬ ಆ ಶಾಸ್ತ್ರ ಮುಗಿಸಿದ. ಸಂಜೆ ಅಡುಗೆಯವರು, ‘ನಿಮ್ ಮಾವ ಬಂದಿದ್ರಲ್ರಿ, ಉಣ್ಣದಂಗೆ ಹೋದ್ರು’ ಅಂದರು. ಉಳಿದವರೆಲ್ಲ ‘ಸುಳ್ಳು’ ಅಂದರು.

ಅವ್ವ ಟೀವಿ ಮುಂದೆ ಕೂತದ್ದು ಮಗಳನ್ನು ನೋಡಲಿಕ್ಕಲ್ಲ, ಅಣ್ಣನನ್ನು ಹುಡುಕಲಿಕ್ಕೆ.

‘ಅಲ್ಲಿ ಬಿಳೀ ರುಮಾಲು ಐತಲ್ಲ, ಯಾರೋ ಅದು?’

ಟೀವಿಗೆ ಮೂಗು ತಾಗಿಸಿ ನೋಡಿದೆ. ರುಮಾಲು ಹೌದು. ಕೆಳಗೆ ಮುಖವೇ ಇಲ್ಲ! ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು, ‘ಬಂದಿಲ್ಲ ಬಿಡು’ ಅಂದಳು. ನನಗೆ ಮೂಲೆಯಲ್ಲಿದ್ದ ಹಳೇ ಕ್ಯಾಮೆರಾ ನೆನಪಾಯಿತು.

ಬಾಷಾನ ಅಂಗಡಿಗೆ ಓಡಿದೆ.

‘ಹಳೇ ಕ್ಯಾಮೆರಾದ ಕ್ಯಾಸೆಟ್ ಐತೇನೋ?’

‘ಅರೆ, ಈಗ್ ಅದ್ರ ಮ್ಯಾಲೆ ಪಿಕ್ಚರ್ ತುಂಬ್ಸೋನಿದ್ದೆ. ತಗಳ್ರಿ.’

ಸದ್ಯ, ಬದುಕಿದೆ!

ಮನೆಗೆ ತಂದು ಅವ್ವನ ಮುಂದೆ ಹಾಕಿದೆ. ಕಂಬದ ಪಕ್ಕ ಬಿಳಿ ರುಮಾಲು, ಅದರ ಕೆಳಗೆ ಸಾಕ್ಷಾತ್ ಮಾವನ ಮೀಸೆ! ಗಟ್ಟಿಮೇಳ ಶುರುವಾಗುತ್ತಿದ್ದಂತೆ ಅಕ್ಷತೆ ಎಸೆದ. ರುಮಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡ. ಹೊರಟೇಹೋದ.

‘ಇನ್ನೊಂದ್ಸಲ ಹಾಕೋ.’

ಹಾಕಿದೆ.

‘ಅಕ್ಕಿಕಾಳು ಹಾಕ್ಯಾನೆ ನಮ್ಮಣ್ಣ! ಉಣ್ಣದಂಗೆ ಹೋಗ್ಯಾನೆ, ಮೂಳ!’ ಅವ್ವ ನಗುತ್ತಲೇ ಅತ್ತಳು. ನನಗೂ ಎದೆ ಹಗುರಾಯಿತು. ಮರುದಿನ ಬೆಳಗ್ಗೆ ಮದುವೆ ಉಂಡಿ ಕಟ್ಟಿಕೊಂಡು ಅವಳೇ ಆನೆಕೊಂಡಕ್ಕೆ ಹೊರಟಳು.

ನಾನು ಹೊಸ ಕ್ಯಾಮೆರಾ ಹೊತ್ತುಕೊಂಡು ಬಾಷಾನ ಅಂಗಡಿಗೆ ಹೊರಟೆ.

‘ಬ್ಯಾಡೇನ್ರಿ? ಯಾಕ? ಹಿಂದೆ ಎಷ್ಟ್ ಚೆಂದ ಮಬ್ಬೈತೆ ನೋಡ್ರಿ, ಸಿನಿಮಾದಂಗೆ!’

ಚೆಂದವೇ ಮಾರಾಯ, ಆದರೆ ನಮ್ಮ ಮಾವ ನಿಂತಿದ್ದು ಆ ಮಬ್ಬಿನಲ್ಲೇ ಅಲ್ಲವೇ?