ಹತ್ತೊಂಬತ್ತನೇ ಶೀಟು

ಒಂಬತ್ತೂವರೆ ಮೇಸ್ತ್ರಿ ತಮ್ಮ ಮಾನ ಹೋದ ಕಥೆಯನ್ನು ತಾವೇ ಹೇಳುತ್ತಾರೆ, ಅದೂ ಕೇಳುವವರಿಗೆ ಕೈಯಾರೆ ಚಹಾ ಕುಡಿಸಿ. ಬೇರೆಯವರ ಬಾಯಿಗೆ ಬಿಟ್ಟರೆ ಇರುವುದರ ಜೊತೆಗೆ ಇಲ್ಲದ್ದೂ ಸೇರಿಕೊಳ್ಳುತ್ತದೆ, ಇರುವುದೇ ಬೇಕಾದಷ್ಟಿದೆ ಅನ್ನುವುದು ಅವರ ವಾದ. ಒಂಬತ್ತೂವರೆ ಅನ್ನುವ ಹೆಸರು ಅವರು ಕೆಲಸಕ್ಕೆ ಬರುವ ಹೊತ್ತಿನಿಂದ ಬಂದದ್ದಲ್ಲ. ಅವರು ಬರುವುದು ಏಳೂಮುಕ್ಕಾಲಿಗೆ. ಅದು ಅವರ ಬೆರಳುಗಳ ಲೆಕ್ಕ. ಮೂವತ್ತೊಂದು ವರ್ಷದ ಹಿಂದೆ, ಈ ಕಬ್ಬಿಣದ ವರ್ಕ್‌ಶಾಪಿಗೆ ಸೇರಿದ ಹೊಸದರಲ್ಲೇ, ಶೀಟು ಕತ್ತರಿಸುವ ಯಂತ್ರ ಅವರ ಬಲಗೈಯ ಉಂಗುರದ ಬೆರಳಲ್ಲಿ ಅರ್ಧ ಇಸಿದುಕೊಂಡಿತ್ತು. "ಆವತ್ತು ನಾನು ಯಂತ್ರ ನೋಡ್ತಿರ್ಲಿಲ್ಲ. ಅದನ್ನ ಹುಷಾರಾಗಿ ನಡೆಸೋದು ಹೇಗೆ ಅಂತ ಪಕ್ಕದವನಿಗೆ ಪಾಠ ಹೇಳ್ತಿದ್ದೆ," ಎನ್ನುತ್ತಾರೆ ಮೇಸ್ತ್ರಿ. ಅರ್ಧ ಬೆರಳು ಹೋಯಿತು, ಪಾಠ ಹೇಳುವ ಚಟ ಹಾಗೇ ಉಳಿಯಿತು.

ಅವರ ಆಯುಷ್ಯವೆಲ್ಲ ತುಕ್ಕಿನ ಜೊತೆ ಜಗಳದಲ್ಲೇ ಕಳೆದಿತ್ತು. ಗೇಟು, ಕಿಟಕಿಯ ಸರಳು, ನೀರಿನ ಟ್ಯಾಂಕಿನ ಕಾಲು, ಹೀಗೆ ಯಾವುದೇ ಇರಲಿ, ಉಜ್ಜುವುದು, ಕೆಂಪು ಬಣ್ಣ ಬಳಿಯುವುದು, ಮೇಲೆ ಇನ್ನೆರಡು ಬಣ್ಣ ಬಳಿಯುವುದು. ನೆಂಟರ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ಬಾಗಿಲ ಚಿಲಕಕ್ಕೆ. ಚಿಲಕದಲ್ಲಿ ತುಕ್ಕು ಕಂಡರೆ ಆ ಮನೆಯವರ ಬಗ್ಗೆ ಅವರಿಗೆ ಒಂದು ಕೈ ಕಡಿಮೆಯೇ ಅಭಿಪ್ರಾಯ.

ಅಂಥವರ ಮುಂದೆ ಒಂದು ದಿನ ಆರ್ಕಿಟೆಕ್ಟ್ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಊರಿಗೆ ಹೊಸ ಗ್ರಂಥಾಲಯ ಕಟ್ಟುತ್ತಿದ್ದಾರೆ, ಅದರ ಮುಂಗೋಡೆಗೆ ನಲವತ್ತೆರಡು ಶೀಟು ಬೇಕು, ಬಣ್ಣ ಬೇಡ, ಕಂದು ತುಕ್ಕು ಹಿಡಿದೇ ಇರಬೇಕು ಎಂದಳು. ಇದು ವೆದರಿಂಗ್ ಸ್ಟೀಲು, ಬೇರೆ ಕಬ್ಬಿಣದ ಹಾಗಲ್ಲ. ಇದರ ತುಕ್ಕು ಒಳಗೆ ಕೊರೆದುಕೊಂಡು ಹೋಗುವುದಿಲ್ಲ, ಮೇಲೆಯೇ ಚರ್ಮದ ಹಾಗೆ ಗಟ್ಟಿಯಾಗಿ ಕೂತು ಒಳಗಿನದನ್ನು ಕಾಯುತ್ತದೆ ಎಂದು ವಿವರಿಸಿದಳು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಇಷ್ಟು ವರ್ಷ ನಾನು ಬೈದಿದ್ದೆಲ್ಲ ಈಗ ವಾಪಸ್ ತಗೋಬೇಕು ಅನ್ನಿ," ಎಂದರು.

ಆದರೆ ಒಂದೇ ವಾರದಲ್ಲಿ ಅವರು ತುಕ್ಕಿನ ಕಡೆಯ ವಕೀಲರಾಗಿಬಿಟ್ಟಿದ್ದರು. ಈ ಶೀಟುಗಳಿಗೆ ಮೊದಲು ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ಎಣ್ಣೆ ಜಿಡ್ಡು ಎಲ್ಲ ತೆಗೆಯಬೇಕು. ಗೋಡೆಗೆ ಕೂರಿಸಿದ ಮೇಲೆ ದಿನಾ ಎರಡು ಸಲ ನೀರು ಸಿಂಪಡಿಸಿ ಒಣಗಲು ಬಿಡಬೇಕು, ಆಗ ತುಕ್ಕು ಒಂದೇ ಸಮ ಬರುತ್ತದೆ. ನಡುವೆ ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಕೈಯ ಜಿಡ್ಡು ಕೂತ ಕಡೆ ತುಕ್ಕು ಹಿಡಿಯುವುದು ತಡವಾಗಿ ಮಚ್ಚೆ ಉಳಿಯುತ್ತದೆ. ಮೇಸ್ತ್ರಿ ಹನ್ನೊಂದು ಜನ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಇದನ್ನೆಲ್ಲ ಮೂರು ಸಲ ಹೇಳಿದರು. ವರ್ಕ್‌ಶಾಪಿನ ಗೋಡೆಗೆ "ಬರಿಗೈ ಮುಟ್ಟಿದವನಿಗೆ ಈ ಕೆಲಸವಿಲ್ಲ" ಎಂದು ತಾವೇ ಬರೆದು ಬೋರ್ಡು ಹಾಕಿದರು. ಅಕ್ಷರ ಚೆನ್ನಾಗಿ ಬಂದಿದೆಯೆಂದು ದೂರ ನಿಂತು ಎರಡು ಸಲ ನೋಡಿಕೊಂಡರು.

ಆ ಹನ್ನೊಂದು ಜನರಲ್ಲಿ ಅವರ ಅಳಿಯನೂ ಒಬ್ಬ. ವೆಲ್ಡರ್, ಮಾತು ಕಡಿಮೆ, ಕೈ ಬಲು ನೀಟು. ಮೇಸ್ತ್ರಿಯ ಒಬ್ಬಳೇ ಮಗಳು ನಾಲ್ಕು ವರ್ಷದ ಹಿಂದೆ ಅವನನ್ನೇ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದಾಗ ಮೇಸ್ತ್ರಿ ಮದುವೆಗೆ ಬಂದರು, ಊಟ ಮಾಡಿದರು, ಮಗಳು ಹೊರಡುವ ಹೊತ್ತಿಗೆ ಹಿತ್ತಲಲ್ಲಿ ನಲ್ಲಿ ಸೋರುತ್ತಿದೆಯೆಂದು ಅದನ್ನು ಬಿಗಿಯಲು ಹೋದರು. ನಲ್ಲಿ ಸೋರುತ್ತಿರಲಿಲ್ಲ. ಅಂದಿನಿಂದ ಅಳಿಯನ ಜೊತೆ ಅವರ ಮಾತು ಅಳತೆ, ಬೋಲ್ಟು, ಸರಳು ಇಷ್ಟರಲ್ಲೇ ಮುಗಿಯುತ್ತಿತ್ತು.

ಗ್ರಂಥಾಲಯದ ಗೋಡೆಗೆ ಶೀಟು ಏರಿ ಹತ್ತು ದಿನವಾಗಿತ್ತು. ನೀರು ಹೊಡೆಯುವ ಕೆಲಸ ಬೇರೆಯವರಿಗೆ ಬಿಟ್ಟರೆ ಕೆಡುತ್ತದೆಂದು ಮೇಸ್ತ್ರಿಯೇ ವಹಿಸಿಕೊಂಡಿದ್ದರು. ಬೆಳಗ್ಗೆ ಪಂಪು ಬೆನ್ನಿಗೆ ಹಾಕಿಕೊಂಡು ಹೋದವರು ಬಾಗಿಲ ಪಕ್ಕದ ಹತ್ತೊಂಬತ್ತನೇ ಶೀಟಿನ ಮುಂದೆ ಗಕ್ಕನೆ ನಿಂತರು. ಎದೆಯೆತ್ತರದಲ್ಲಿ ಬೂದು ಬಣ್ಣದ ಒಂದು ಮಚ್ಚೆ. ಅಂಗೈಯ ಅಗಲ, ಪಕ್ಕಕ್ಕೆ ಒಂದು ಹೆಬ್ಬೆರಳು. ಉಳಿದದ್ದು ಇನ್ನೂ ಮಸುಕು. ಕೈ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ.

ವರ್ಕ್‌ಶಾಪಿನ ಮಾಲೀಕ ಬಂದು ನೋಡಿ ಕೆಂಡವಾದ. ಸೋಮವಾರ ಆರ್ಕಿಟೆಕ್ಟ್ ಬರುತ್ತಾಳೆ, ಅಷ್ಟರಲ್ಲಿ ಕೈ ಯಾರದೆಂದು ತನಗೆ ಹೆಸರು ಬೇಕು, ಹೆಸರು ಸಿಕ್ಕವನು ಅವಳ ಎದುರಿಗೇ ಆವತ್ತೇ ಮನೆಗೆ ಎಂದ. ಮೇಸ್ತ್ರಿಗೆ ಪತ್ತೇದಾರಿಯ ಹುರುಪು ಬಂತು. ಮಚ್ಚೆಯ ಅಳತೆಗೆ ಒಂದು ರಟ್ಟು ಕತ್ತರಿಸಿ, ಹನ್ನೊಂದು ಜನರನ್ನೂ ಮತ್ತೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಅಂಗೈ ಮೇಲೂ ಇಟ್ಟು ನೋಡಿದರು. ಒಬ್ಬನದು ದೊಡ್ಡದು, ಒಬ್ಬನದು ಗಿಡ್ಡ, ಒಬ್ಬನ ಹೆಬ್ಬೆರಳು ಎತ್ತಲೋ ಹೋಗುತ್ತಿತ್ತು. ಅಳಿಯನದು ಹೆಚ್ಚುಕಡಿಮೆ ಸರಿಹೋಯಿತು. ಅಲ್ಲಿದ್ದ ಹನ್ನೆರಡು ಬಲಗೈಗಳಲ್ಲಿ ಅಳತೆಗೆ ಸಿಗದೆ ಉಳಿದದ್ದು ಒಂದೇ, ಆ ರಟ್ಟನ್ನು ಹಿಡಿದುಕೊಂಡಿದ್ದ ಕೈ.

"ಆ ಶೀಟು ಲಾರಿಗೆ ಹಾಕೋವಾಗ ಹಿಡಿದವನು ನೀನೇ ಅಲ್ವಾ?" ಎಂದರು ಮೇಸ್ತ್ರಿ.

"ಹೌದು ಮಾವ."

"ಗ್ಲೌಸ್ ಹಾಕಿದ್ದೆಯಾ?"

"ಹಾಕಿದ್ದೆ."

"ಹಾಗಾದ್ರೆ ಈ ಕೈ ಎಲ್ಲಿಂದ ಬಂತು?"

ಅಳಿಯ ಅವರ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ತಲೆ ತಗ್ಗಿಸಿದ್ದೇ ಒಪ್ಪಿಗೆಯೆಂದು ಮೇಸ್ತ್ರಿ ತೀರ್ಪು ಕೊಟ್ಟು ಮಾಲೀಕನಿಗೆ ಹೆಸರು ಹೇಳಿಯೇ ಬಿಟ್ಟರು. ಸ್ವಂತ ಅಳಿಯನೆಂದೂ ನೋಡಲಿಲ್ಲವಲ್ಲ, ಎಂಥ ನ್ಯಾಯ ನನ್ನದು ಎಂದು ಒಳಗೊಳಗೇ ಸ್ವಲ್ಪ ಉಬ್ಬಿದರು ಕೂಡ. ಈ ಭಾಗ ಹೇಳುವಾಗ ಅವರು ಈಗಲೂ ಚಹಾದ ಲೋಟ ಕೆಳಗಿಡುತ್ತಾರೆ.

ಮಾರನೆಯ ದಿನ ಮಗಳು ಬಂದಳು. ಒಳಗೆ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ. "ಅವರು ತಪ್ಪು ಮಾಡಿದ್ರೆ ಒಪ್ಕೋತಾರೆ ಅಪ್ಪ. ಆ ಒಂದು ವಿಷಯದಲ್ಲಿ ಅವರು ನಿನ್ನ ಹಾಗಲ್ಲ," ಎಂದು ಅಷ್ಟೇ ಹೇಳಿ ಹೊರಟುಹೋದಳು. ಮೇಸ್ತ್ರಿಗೆ ಉರಿದುಹೋಯಿತು.

"ಕೇಳಿದ್ಯಾ ಅವಳ ಮಾತು? ನಾನೇನು ಬೇಕು ಅಂತ ಹೇಳಿದ್ನಾ?" ಎಂದು ಹೆಂಡತಿಯ ಮೇಲೆ ಹರಿಹಾಯ್ದರು. ಹೆಂಡತಿ ತರಕಾರಿ ಹೆಚ್ಚುತ್ತ ಕೂತಿದ್ದಳು.

"ಆ ಕೈ ನಿಮ್ಮದೇ ಯಾಕಾಗಿರಬಾರದು?" ಎಂದಳು ತಲೆ ಎತ್ತದೆ.

"ನನ್ನದಾ? ಬೋರ್ಡು ಬರೆದವನು ನಾನು."

"ಬೋರ್ಡು ಬರೆದ್ರೇನು. ನಿಮಗೆ ತಟ್ಟೋ ಅಭ್ಯಾಸ ಇದೆ. ಗೇಟು ಮುಗಿಸಿ ಲಾರಿಗೆ ಹಾಕಿದ್ರೂ ತಟ್ಟಿ 'ಹೋಗಿ ಬಾ' ಅಂತೀರಿ. ಖಾಲಿ ಗ್ಯಾಸ್ ಸಿಲಿಂಡರ್‌ನೂ ಹಾಗೇ ಕಳಿಸ್ತೀರಿ."

"ಏನೇನೋ ಹೇಳಬೇಡ. ನನಗೆ ಅಂಥ ಅಭ್ಯಾಸ ಯಾವುದೂ ಇಲ್ಲ," ಎಂದು ಮೇಸ್ತ್ರಿ ಎದ್ದು ಹೋಗಿ ಬಾಗಿಲು ಹಾಕಿದರು. ಹಾಕಿದ ಬಾಗಿಲನ್ನು ಅಂಗೈಯಿಂದ ಒಮ್ಮೆ ತಟ್ಟಿದರು. ಹೆಂಡತಿ ಹೆಚ್ಚುವುದು ನಿಲ್ಲಿಸಿ ಅವರನ್ನೇ ನೋಡಿದಳು. ಮೇಸ್ತ್ರಿ ತಮ್ಮ ಕೈಯನ್ನು ನೋಡಿಕೊಂಡರು, ಆಮೇಲೆ ಅದನ್ನು ಜೇಬಿಗೆ ಹಾಕಿದರು.

ಆಗ ಒಂದೊಂದಾಗಿ ನೆನಪಾಯಿತು. ಹತ್ತೊಂಬತ್ತನೇ ಶೀಟು ಲಾರಿಗೆ ಏರುತ್ತಿದ್ದಾಗ ಫೋನು ಬಂದಿತ್ತು. ಫೋನು ಎತ್ತಲು ಬಲಗೈಯ ಗ್ಲೌಸು ತೆಗೆದಿದ್ದರು. ಮಾತಾಡುತ್ತ ತಲೆ ಸವರಿಕೊಂಡಿದ್ದರು. ಇರುವ ನಾಲ್ಕು ಕೂದಲಿಗೆ ದಿನಾ ನಾಲ್ಕು ಚಮಚ ಎಣ್ಣೆ ಹಾಕುವ ತಲೆ ಅದು. ಅದೇ ಕೈಯಲ್ಲಿ ಶೀಟಿಗೆ ತಟ್ಟಿ ಹೋಗಿ ಬಾ ಎಂದಿದ್ದರೆ?

ಮರುದಿನ ಬೆಳಕು ಹರಿಯುತ್ತಲೇ ಗ್ರಂಥಾಲಯಕ್ಕೆ ಓಡಿದರು. ಎರಡು ದಿನದ ನೀರು ಬಿಸಿಲಿಗೆ ಸುತ್ತಲಿನ ತುಕ್ಕು ಚೆನ್ನಾಗಿ ಏರಿ ಬೆರಳುಗಳೂ ಈಗ ಸ್ಪಷ್ಟವಾಗಿ ಮೂಡಿದ್ದವು. ತೋರುಬೆರಳು, ನಡುಬೆರಳು, ಕಿರುಬೆರಳು, ಎಲ್ಲ ಪೂರ್ತಿ. ಉಂಗುರದ ಬೆರಳು ಮಾತ್ರ ಅರ್ಧಕ್ಕೇ ನಿಂತಿತ್ತು. ಊರಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ.

ಅವರು ಆಗಲೇ ಮಾಲೀಕನ ಬಳಿ ಹೋಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಮಾನವೂ ಸ್ವಲ್ಪ ಉಳಿಯುತ್ತಿತ್ತು. ಹೋಗಲಿಲ್ಲ. ಹೆಸರು ಕೊಟ್ಟು ಎರಡು ದಿನವೂ ಆಗಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು? ತುಕ್ಕು ಬೇಗ ಹಿಡಿಯಲೆಂದು ಮನೆಯಿಂದ ವಿನೆಗರು, ಉಪ್ಪು ತಂದು ಕಲಸಿ, ಈ ಸಲ ಮರೆಯದೆ ಎರಡೂ ಕೈಗೆ ಗ್ಲೌಸು ಹಾಕಿ, ಮಚ್ಚೆಯ ಮೇಲೆ ಬಟ್ಟೆಯಿಂದ ಉಜ್ಜಿದರು. ಜಿಡ್ಡಿನ ಜಾಗ ಮಿಸುಕಲಿಲ್ಲ. ಉಜ್ಜಿದ ನೀರು ಸುತ್ತ ಹರಡಿ, ಸಂಜೆಯ ಹೊತ್ತಿಗೆ ಕೈಯ ಸುತ್ತ ಕಡುಗಂದು ಅಂಚು ಬಂತು. ಇದ್ದ ಫೋಟೋಗೆ ತಾವೇ ಕಟ್ಟು ಹಾಕಿಸಿದ ಹಾಗಾಯಿತು. ಆಮೇಲೆ ಒಂದು ಹಲಗೆ ತಂದು ಅದರ ಮುಂದೆ ಒರಗಿಸಿಟ್ಟು, ಇಂಗು ತಿಂದ ಮಂಗನ ಹಾಗೆ ಮನೆಗೆ ಬಂದರು. ಭಾನುವಾರವೆಲ್ಲ ಮನೆಯ ಚಿಲಕಗಳಿಗೆ ಎಣ್ಣೆ ಬಿಡುತ್ತ ಕಳೆದರು.

ಸೋಮವಾರ ಆರ್ಕಿಟೆಕ್ಟ್ ಬಂದಳು, ಮಾಲೀಕ ಬಂದ, ಕೆಲಸಗಾರರು ನಿಂತರು. ಅಳಿಯ ಇಸ್ತ್ರಿ ಮಾಡಿದ ತಿಳಿಹಳದಿಯ ಹೊಸ ಅಂಗಿ ತೊಟ್ಟು ಬಂದಿದ್ದ. ಕೆಲಸ ಕಳೆದುಕೊಳ್ಳುವ ದಿನ ಗಂಡ ನೀಟಾಗಿರಲಿ ಎಂದು ಮಗಳೇ ತೊಡಿಸಿರಬೇಕು ಎಂದು ಮೇಸ್ತ್ರಿಗೆ ಹೊಳೆಯಿತು.

"ಇವನೇ ಮೇಡಂ. ಇವತ್ತೇ ಲೆಕ್ಕ ಮುಗಿಸಿ ಕಳಿಸ್ತೀನಿ," ಎಂದ ಮಾಲೀಕ.

ಹಲಗೆ ಇನ್ನೂ ಅಲ್ಲೇ ಇತ್ತು. ತಾವು ಸುಮ್ಮನಿದ್ದರೆ ಅಳಿಯನೂ ಸುಮ್ಮನಿರುತ್ತಾನೆ ಅನ್ನುವುದು ಮೇಸ್ತ್ರಿಗೆ ಗೊತ್ತಿತ್ತು. ನಿವೃತ್ತಿಗೆ ಎರಡೇ ವರ್ಷ ಬಾಕಿ ಇತ್ತು. ಇಂಥ ಹೊತ್ತಲ್ಲೂ ಮನುಷ್ಯನ ತಲೆ ಎಷ್ಟು ಚುರುಕಾಗಿ ಲೆಕ್ಕ ಹಾಕುತ್ತದೆಂದು ಅವರಿಗೇ ನಾಚಿಕೆಯಾಯಿತು. ಹೋಗಿ ಹಲಗೆ ಸರಿಸಿದರು. ಬಲಗೈಯ ಗ್ಲೌಸು ಕಳಚಿ, ಅಂಗೈಯನ್ನು ಮಚ್ಚೆಯ ಮೇಲೆ ಒತ್ತಿ ಹಿಡಿದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು, ಅರ್ಧ ಬೆರಳಿನ ಸಮೇತ.

"ಈ ಕೈ ನಂದು," ಎಂದರು. "ಅವನ ಹೆಸರು ಹೇಳಿದ ಬಾಯೂ ನಂದೇ. ಈ ಸುತ್ತಲಿನ ಕರಿ ಅಂಚು ಇದೆಯಲ್ಲ, ಅದೂ ನಂದೇ."

ಆ ಅಂಚಿನ ಮೇಲೂ ಅಂಗೈ ಸವರಿ ತೋರಿಸಿದರು, ಕೈಯೆಲ್ಲ ಕಂದು ಪುಡಿ. ಹಿಂದೆ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಆರ್ಕಿಟೆಕ್ಟ್ ಹತ್ತಿರ ಬಂದು ಮಚ್ಚೆಯನ್ನು ಬಗ್ಗಿ ನೋಡಿದಳು. ಈಗ ಈ ಒಂದಕ್ಕೆ ಮತ್ತೆ ಮರಳು ಹೊಡೆಸಿದರೆ ಇಡೀ ಗೋಡೆಯಲ್ಲಿ ಇದೊಂದೇ ಬೇರೆ ಬಣ್ಣವಾಗಿ ಕಾಣುತ್ತದೆ, ಎರಡು ಮೂರು ಮಳೆಗಾಲ ಕಳೆದರೆ ತಾನೇ ಕೂಡಿಕೊಳ್ಳುತ್ತದೆ, ಬಿಡಿ ಎಂದಳು. ಮಾಲೀಕ ಮಾತ್ರ ಆಡಿದ ಮಾತು ಬಿಡಲಿಲ್ಲ. ಮೇಸ್ತ್ರಿಯನ್ನು ಆವತ್ತೇ ಮನೆಗೆ ಕಳಿಸಿದ, ಒಂದು ತಿಂಗಳ ಮಟ್ಟಿಗೆ. ಅಷ್ಟು ದಿನ ನೀರು ಹೊಡೆಯುವ ಪಂಪು ಅಳಿಯನ ಬೆನ್ನಿಗೆ ಬಂತು.

ಹೊರಡುವ ಮುಂಚೆ ಮೇಸ್ತ್ರಿ ಅಳಿಯನನ್ನು ಪಕ್ಕಕ್ಕೆ ಕರೆದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ. ಆ ಕಡೆ ಶೀಟು ಹಿಡ್ಕೊಂಡಿದ್ದೆನಲ್ಲ. ಗ್ಲೌಸ್ ಹಾಕಿ ತಟ್ಟಿದ್ರೆ ಧಪ್ ಅನ್ನುತ್ತೆ. ಆವತ್ತು ಟಪ್ ಅಂತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಕೇಳೋರೂ ನೀವು, ತೀರ್ಪು ಕೊಡೋರೂ ನೀವು. ಯಾರಿಗೆ ಹೇಳಲಿ?" ಎಂದ ಅಳಿಯ. ಗ್ಲೌಸು ಹಾಕಿಕೊಳ್ಳುತ್ತ, "ಆಮೇಲೆ, ನೀವು ಶೀಟಿಗೆ ಹೋಗಿ ಬಾ ಅಂದ್ರಿ. ಕಬ್ಬಿಣಕ್ಕೆ ಅಂತಾರಲ್ಲ, ಇವಳಿಗೆ ಮದುವೆ ದಿನ ಅಷ್ಟೂ ಅನ್ನಲಿಲ್ಲವಲ್ಲ ಅಂತ ಅನ್ನಿಸ್ತಾ ಇತ್ತು. ಅದನ್ನ ಹೇಗೆ ಹೇಳೋದು?" ಎಂದ.

ಅಳಿಯ ಪಂಪು ಎತ್ತಿಕೊಳ್ಳಲು ತಿರುಗಿದಾಗ ಮೇಸ್ತ್ರಿಯ ಕೈ ತಾನಾಗಿಯೇ ಹೋಗಿ ಅವನ ಬೆನ್ನ ಮೇಲೆ ಟಪ್ಪೆಂದು ಒಂದು ಏಟು ತಟ್ಟಿ ಬಂತು.

ಸಂಜೆ ಮಗಳು ಬಂದಳು. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು, ಚೀಲದಿಂದ ಆ ತಿಳಿಹಳದಿ ಅಂಗಿ ತೆಗೆದು ಮೇಜಿನ ಮೇಲೆ ಬೆನ್ನು ಮೇಲಾಗಿ ಹರಡಿದಳು. ನಡುಬೆನ್ನಲ್ಲಿ ಕಂದು ತುಕ್ಕಿನ ಕೈ ಅಚ್ಚೊತ್ತಿತ್ತು. ಅಂಗೈ, ಹೆಬ್ಬೆರಳು, ಮೂರು ಬೆರಳು, ಮತ್ತೊಂದು ಅರ್ಧ.

"ಅಯ್ಯೋ, ಹೊಸ ಅಂಗಿ. ಕೊಡಿಲ್ಲಿ, ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿ ನೋಡ್ತೀನಿ," ಎಂದು ತಾಯಿ ಕೈ ಚಾಚಿದಳು.

"ಬೇಡಮ್ಮ. ಒಗೆಯೋದು ಬೇಡ ಅಂದಿದಾರೆ."

"ಮತ್ತೆ ಇಲ್ಲಿಗೆ ಯಾಕೆ ತಂದೆ?" ಎಂದರು ಮೇಸ್ತ್ರಿ.

"ತೋರಿಸೋಕೆ," ಎಂದಳು ಮಗಳು. ಅಂಗಿಯನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಅವಳು ಹೊರಟಾಗ ಮೇಸ್ತ್ರಿಯೂ ಬಾಗಿಲವರೆಗೆ ಬಂದರು. ಹಿತ್ತಲ ನಲ್ಲಿ ಅಂದೂ ಸೋರುತ್ತಿರಲಿಲ್ಲ, ಇಂದೂ ಇಲ್ಲ. ಮಗಳು ಮೆಟ್ಟಿಲಿಳಿಯಲು ಕಾಲೆತ್ತಿದಾಗ ಅವಳ ಭುಜದ ಮೇಲೆ ಮೆಲ್ಲಗೆ ತಟ್ಟಿದರು.

"ಹೋಗಿ ಬಾ," ಎಂದರು. ನಾಲ್ಕು ವರ್ಷ ತಡವಾಗಿದ್ದರಿಂದ ದನಿ ಸ್ವಲ್ಪ ಒರಟಾಗಿಯೇ ಬಂತು.

ಮಗಳು ತಿರುಗಲಿಲ್ಲ. ಭುಜವನ್ನೂ ಸರಿಸಲಿಲ್ಲ.

"ಕೈ ತೊಳ್ಕೊಂಡಿದೀಯಾ ಅಪ್ಪ?" ಎಂದು ಕೇಳಿದಳು.