ಸೊನ್ನೆಗಿಳಿದ ಕಾಫಿ

ಜಯದೇವಿ ಮದರಾಸಿನ ಪೆರಂಬೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಗಣಿತದ ಅಧ್ಯಾಪಕಿ. ಹುಡುಗಿಯರು ಸಮೀಕರಣಗಳ ಉತ್ತರವನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ, ಅದು ಸರಿಯೇ ಎಂದು ಒಬ್ಬರೂ ಕೇಳುವುದಿಲ್ಲ ಎಂಬುದು ಅವರ ಕೊರಗು. 2001ರಲ್ಲಿ ಕಾಲೇಜಿಗೆ ಕಂಪ್ಯೂಟರ್ ಕೋಣೆ ಬಂದಾಗ ವಾರಕ್ಕೊಂದು ಗಂಟೆ ಕೇಳಿ ಪಡೆದರು. ಬಿಸಿ ಕಾಫಿ ನಿಮಿಷ ನಿಮಿಷಕ್ಕೂ ಎಷ್ಟು ಆರುತ್ತದೆಂದು ಎಕ್ಸೆಲ್‌ನಲ್ಲಿ ಸಾಲು ಸಾಲಾಗಿ ಲೆಕ್ಕ ಹಾಕಿಸತೊಡಗಿದರು.

ಆ ಗಂಟೆಯ ಮೇಲೆ ಕಾಮರ್ಸಿನವರ ಕಣ್ಣು ಬಿತ್ತು.

"ಗಣಿತಕ್ಕೆ ಕಂಪ್ಯೂಟರ್ ಎದುಕ್ಕಮ್ಮಾ?" ಎಂದರು ಗಣಿತ ವಿಭಾಗದ ಮುಖ್ಯಸ್ಥ ವಿಷ್ಣುಮೂರ್ತಿ, ತಲೆಮಾರುಗಳಿಂದ ಮದರಾಸಿನವರು. "ನಾಳೆ ಬಂದು ನೋಡ್ತೀನಿ. ಸರಿ ಬರ್ಲಿಲ್ಲಾಂದ್ರೆ ಅವರಿಗೇ ಕೊಟ್ಬಿಡೋಣ."

ಮರುದಿನ ಅವರು ಬೆನ್ನ ಹಿಂದೆಯೇ ನಿಂತಾಗ ಜಯದೇವಿ ಅವಸರದಲ್ಲೇ ಶುರುಮಾಡಿದರು. ಕಾಫಿ ಎಂಬತ್ತು ಡಿಗ್ರಿ, ಕೋಣೆ ಮೂವತ್ತೆರಡು. ಸೂತ್ರ ಬರೆದು ಕೆಳಗಿನ ಸಾಲುಗಳಿಗೆ ಎಳೆದರು. ಕಾಫಿ ಆರಿತು, ಮೂವತ್ತೆರಡನ್ನೂ ದಾಟಿತು, ಕೊನೆಯ ಸಾಲಿನಲ್ಲಿ ಒಂದು ಡಿಗ್ರಿಗಿಂತಲೂ ಕೆಳಗಿಳಿಯಿತು.

"ಮೇ ತಿಂಗಳ ಮದ್ರಾಸಲ್ಲಿ ಕಾಫಿ ಹೆಪ್ಪುಗಟ್ಟತ್ತೇನಮ್ಮಾ? ಫ್ಯಾನ್ ಆಫ್ ಮಾಡಿ, ಚಳಿ!" ವಿಷ್ಣುಮೂರ್ತಿ ನಕ್ಕರು.

ಹುಡುಗಿಯರೂ ನಕ್ಕರು. ಗಂಟೆ ಕೈತಪ್ಪಿತು ಎಂದುಕೊಂಡು ಜಯದೇವಿ ಎಲ್ಲವನ್ನೂ ಅಳಿಸಲು ಹೊರಟರು.

"ಅಳಿಸ್ಬೇಡಿ ಮಿಸ್!" ಹುಡುಗಿಯರ ನಡುವಿನಿಂದ ಸಂಹಿತಾ ಎಂಬವಳು ಎದ್ದು ನಿಂತಳು. "ಮೊದಲನೇ ಸ್ಟೆಪ್ ಕರೆಕ್ಟ್. ಎರಡನೇದರಿಂದ ರೂಮ್ ಟೆಂಪರೇಚರ್ ಎಂಗೇ ಪೋಚ್ಚು?"

ಎಲ್ಲಿ ಹೋಯಿತು? ಜಯದೇವಿ ಎರಡನೇ ಸಾಲಿನ ಸೂತ್ರ ತೆರೆದು ನೋಡಿದರು. ಎಳೆದಾಗ ಸೂತ್ರದ ಜೊತೆ ಕೋಣೆಯ ಉಷ್ಣತೆಯ ವಿಳಾಸವೂ ಒಂದು ಮನೆ ಕೆಳಗೆ ಜಾರಿತ್ತು. ಅಲ್ಲಿ ಏನೂ ಇರಲಿಲ್ಲ. ಖಾಲಿ ಮನೆಯನ್ನು ಯಂತ್ರ ಸೊನ್ನೆ ಎಂದೇ ಎಣಿಸಿತ್ತು. ವಿಳಾಸ ಅಲುಗದಂತೆ ಹಾಕಬೇಕಾದ ಡಾಲರ್ ಚಿಹ್ನೆಯನ್ನು ಅವರು ಮರೆತಿದ್ದರು. ಹಾಕಿ ಮತ್ತೆ ಎಳೆದರು. ಕಾಫಿ ಮೂವತ್ತೆರಡರ ಹತ್ತಿರ ಬಂದು ನಿಂತಿತು.

"ತಪ್ಪು ನನ್ನದು ಸಾರ್," ಎಂದರು ಜಯದೇವಿ.

ವಿಷ್ಣುಮೂರ್ತಿ ಸಂಹಿತಾಳನ್ನೇ ನೋಡುತ್ತಿದ್ದರು. "ನಾನು ಬೋರ್ಡಲ್ಲಿ ಎಷ್ಟೋ ಸಲ ತಪ್ಪು ಬರೆದಿದೀನಮ್ಮಾ. ಒಬ್ಬಳೂ ಎದ್ದು ಕೇಳ್ಲಿಲ್ಲ, ಕಾಪಿ ಮಾಡ್ಕೊಂಡ್ರು ಅಷ್ಟೇ." ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. "ಗಂಟೆ ನಿಮ್ಮದೇ ಇರಲಿ. ಕಾಮರ್ಸಿನವರಿಗೆ ನಾನು ಹೇಳ್ಕೋತೀನಿ. ಎಲ್ಲಿ, ಆ ಡಾಲರ್ ಎಲ್ಲಿ ಹಾಕಿದ್ರಿ, ಇನ್ನೊಂದ್ಸಲ ತೋರಿಸಿ."