ಬಾಲ ಹಿಡಿದ ದೇವತೆಗಳು

ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ನಾನು. ದಾಬಸ್‌ಪೇಟೆಲಿ ಲಾರಿ ಹಿಂದೆ ಹುಲಿ, ಹದ್ದು ಬರೆದು ಕೈ ಪಳಗಿಸ್ಕೊಂಡೆ. ಬರೆಯೋ ವಿಷ್ಯದಲ್ಲಿ ನನಗೆ ಡೌಟಿಲ್ಲ. ಆವತ್ತೂ ಇರ್ಲಿಲ್ಲ.

ನಮ್ಮೂರು ನಂದಗುಡಿ ಕಡೆ. ಹಾಲಿನ ಡೈರಿ ಗೋಡೆಗೆ ಗಂಡಸ್ರೆಲ್ಲ ಉಚ್ಚೆ ಹೊಯ್ತಿದ್ರು. ಬೈದು ಬೈದು ಸಾಕಾಗಿ ಡೈರಿ ಸೆಕ್ರೆಟರಿ ನನ್ನ ಕರೆದ. "ದೇವರ ಪಟ ಬರಿಯಪ್ಪ, ಆಗಾದ್ರೂ ನಿಲ್ಲಿಸ್ತಾರೆ" ಅಂದ. ಒಳಗೆ ನೇತಾಕಿದ್ದ ಹಳೇ ಕ್ಯಾಲೆಂಡರ್ ತೋರಿಸ್ದ. ಸಮುದ್ರ ಮಥನ. ಹಾಲಿನ ಸಮುದ್ರದ ಮಧ್ಯ ಬೆಟ್ಟ, ಬೆಟ್ಟಕ್ಕೆ ಹಾವೇ ಹಗ್ಗ. ಹಾವಿನ ತಲೆ ಕಡೆ ಅಸುರರು, ಬಾಲದ ಕಡೆ ದೇವತೆಗಳು ಹಿಡ್ಕೊಂಡು ಕಡೀತಾವ್ರೆ.

ನನ್ನ ಕಣ್ಣು ಬೇರೆ ಗೋಡೆ ಮೇಲಿತ್ತು. ದೇವಸ್ಥಾನದ ಒಳಗೋಡೆಗೆ ಚಿತ್ರ ಬರೆಸೋಕೆ ಊರ ಯಜಮಾನ್ರು ಆಳು ಹುಡುಕ್ತಿದ್ರು. "ಡೈರಿದು ನೋಡ್ತೀನಿ. ಚೆನ್ನಾಗಿದ್ರೆ ನಿಂಗೆ. ಇಲ್ದಿದ್ರೆ ಹೊಸಕೋಟೆಯಿಂದ ಕರೆಸ್ತೀನಿ" ಅಂದಿದ್ರು. ಅದು ಸಿಕ್ಕಿದ್ರೆ ನಾನೇ ಮೇಸ್ತ್ರಿ. ಇಲ್ದಿದ್ರೆ ವಾಪಸ್ ಲಾರಿ ಹಿಂದೆ.

ಕ್ಯಾಲೆಂಡರಲ್ಲಿ ಇದ್ದಂಗೇ ಬರೆಯೋಕೆ ಬೇಜಾರಾಯ್ತು. ಎಲ್ಲಾರ್ಗೂ ಒಂದೇ ಮೂತಿ, ಒಂದೇ ನಗು. ಹಾಲು ಕಡೆಯೋರಿಗೆ ಮೈತುಂಬ ಒಡವೆ ಯಾಕೆ? ಕಿತ್ತಾಕ್ದೆ. ಲುಂಗಿ ಎತ್ತಿ ಕಟ್ಟಿಸ್ದೆ, ಹೆಗಲಿಗೆ ಟವಲ್ ಹಾಕ್ದೆ. ಬೆಳಿಗ್ಗೆ ಹಾಲು ತರೋರ ಮೂತಿಗಳನ್ನೇ ಕೂರಿಸ್ದೆ. ಕೆರೆ ಬೀದಿಯೋರು ದೇವತೆಗಳು, ರೋಡ್ ಬೀದಿಯೋರು ಅಸುರರು. ಅಮೃತದ ಕಳಶದ ಬದ್ಲು ಹಾಲಿನ ಕ್ಯಾನ್ ಎತ್ಕೊಂಡು ಸೆಕ್ರೆಟರಿ ಸಮುದ್ರದಿಂದ ಮೇಲೆ ಬರ್ತಾವ್ನೆ. ಪಕ್ಕದಲ್ಲಿ ಲಕ್ಷ್ಮಿ, ಹಾಲಿಗೆ ಯಾರು ನೀರು ಬೆರೆಸವ್ರೆ ಅಂತ ಟೆಸ್ಟ್ ಮಾಡ್ತಾವ್ಳೆ.

ಮುಗಿಸಿದ ದಿನ ಅಸುರರು ಹೊಡೆಯೋಕೆ ಬರ್ತಾರೆ ಅಂದ್ಕೊಂಡಿದ್ದೆ. ಅವರು ತಮ್ಮ ಮೀಸೆ ನೋಡಿ ಖುಷಿಯಾಗಿ ಸೆಲ್ಫಿ ತಗೊಂಡ್ರು. ಮೇಲೆ ಬಿದ್ದಿದ್ದು ದೇವತೆಗಳು.

"ಲೇ, ನಾವ್ಯಾಕ್ಲಾ ಬಾಲ ಹಿಡೀಬೇಕು?"

"ದೇವತೆ ಮಾಡಿದೀನಲ್ಲಣ್ಣ."

"ದೇವತೆ ಇರ್ಲಿ ಕಣೋ. ತಲೆ ಅವರಿಗೆ, ಬಾಲ ನಮಗಾ? ಊರಬ್ಬದಲ್ಲಿ ಮೊದಲ್ನೇ ಆರತಿ ಯಾವ ಬೀದಿದು? ತಿರುಗ್ಸು ಹಾವ್ನ!"

ರೋಡ್ ಬೀದಿಯೋನೊಬ್ಬ ಕ್ಯಾನ್ ಕೆಳಗಿಟ್ಟ. "ತಿರುಗ್ಸಿ ನೋಡ್ಲಿ, ಗೋಡೆಗೆಲ್ಲ ಸುಣ್ಣ ಬಳೀತೀವಿ."

ಸೆಕ್ರೆಟರಿ ನನ್ನ ಪಕ್ಕಕ್ಕೆ ಎಳ್ಕೊಂಡ. "ಎರಡೂ ಕಡೆ ತಲೆ ಬರೆದ್ಬಿಡು ಗುರು, ಮುಗೀತು."

"ಎರಡು ತಲೆ ಹಾವಾ? ಫಾರೆಸ್ಟ್‌ನೋರು ಬಂದು ಇಬ್ರನ್ನೂ ಎತ್ತಾಕ್ಕೊಂಡು ಹೋಗ್ತಾರೆ" ಅಂದೆ.

ನಮ್ಮಜ್ಜಿ ಈ ಕತೆ ಹೇಳಿದ್ಳು. ಪುಸ್ತಕ ಓದಿಲ್ಲ, ಕತೆ ಗೊತ್ತು. ಎಲ್ಲಾರ್ಗೂ ಕೇಳೋ ಹಂಗೆ ಹೇಳ್ದೆ. "ಇದೇ ಜಗಳ ಅಲ್ಲೂ ಆಗೈತೆ. ಬಾಲ ಹಿಡಿಯೋದು ಅವಮಾನ ಅಂತ ಕುಣಿದೋರು ಅಸುರರು. ತಲೆ ಕಡೆ ಹೋದ್ರು, ಹಾವು ಬುಸ್ ಅಂದಾಗ ವಿಷದ ಹೊಗೆನೆಲ್ಲ ಕುಡಿದ್ರು. ನಿಮಗೂ ಬೇಕಾ?"

ಹಸಿರು ಬಣ್ಣ ತಗೊಂಡು ಹಾವಿನ ಬಾಯಿಂದ ದಪ್ಪಗೆ ಹೊಗೆ ಬಿಟ್ಟೆ, ಸೀದಾ ಅಸುರರ ಮೂತಿಗೆ. ಕೆರೆ ಬೀದಿಯೋರು ಬಿದ್ದೂ ಬಿದ್ದೂ ನಕ್ರು. "ಕೆಮ್ಮಲಾ, ಕೆಮ್ಮು!"

"ಲೇ ಲೇ, ನನ್ನ ಮೀಸೆ ಸುಟ್ಟೋಗುತ್ತೆ ಕಣೋ!" ಅಂದ ಕ್ಯಾನ್ ಕೆಳಗಿಟ್ಟಿದ್ದೋನು. ಅವನೂ ನಗ್ತಿದ್ದ.

ಯಜಮಾನ್ರು ಹಿಂದೆ ನಿಂತು ಎಲ್ಲಾ ನೋಡವ್ರೆ, ನಂಗೆ ಗೊತ್ತೇ ಇಲ್ಲ. "ಕೈ ಚೆನ್ನಾಗೈತೆ. ಆದ್ರೆ ದೇವಸ್ಥಾನದಲ್ಲಿ ಊರೋರ ಮೂತಿ ಬ್ಯಾಡ" ಅಂದ್ರು.

ಹೂಂ ಅಂದಿದ್ರೆ ಕೆಲಸ ನಂದು. ಅನ್ನೋಕಾಗ್ಲಿಲ್ಲ.

"ಹಂಗಾದ್ರೆ ಫ್ಲೆಕ್ಸ್ ಹೊಡ್ಸಿ ಯಜಮಾನ್ರೇ. ಅದಕ್ಕೆ ನಾನ್ಯಾಕೆ?"

ಯಜಮಾನ್ರು ಕನ್ನಡಕ ಹಾಕ್ಕೊಂಡು ಗೋಡೆ ಹತ್ರ ಹೋಗಿ, ಒಂದೊಂದೇ ಮೂತಿ ನೋಡ್ಕೊಂಡು ಬಂದ್ರು.

"ದೇವಸ್ಥಾನದ ಒಳಗೆ ನಂದೂ ಹಾಕ್ತೀಯೇನಪ್ಪಾ?"

"ಹಾಕ್ತೀನಿ. ಯಾವ ಕಡೆ?"

ಹೊಗೆ ನೋಡಿ, ಆಮೇಲೆ ಮೆಲ್ಲಗೆ ಅಂದ್ರು, "ಬಾಲದ ಕಡೆ."

ಸೋಮವಾರ ದೇವಸ್ಥಾನದ ಹಳೇ ಸುಣ್ಣ ಕೆರೆಯೋಕೆ ಶುರು ಮಾಡ್ದೆ.